ಓದಿದ ಪುಸ್ತಕಗಳ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಬಹುದೆ?



ಸಂಸಾರವೆಂದ ಮೇಲೆ ಲೆಕ್ಕವಿಲ್ಲದ ಮನೆಯಿಲ್ಲ. ಹಾಲಿನವನ ಲೆಕ್ಕವು ಗೋಡೆಯ ಪಂಚಾಂಗದ ಮೇಲಿರುವುದು. ಅಡಿಗೆಯ ಗ್ಯಾಸ್ ಸಿಲಿಂಡರು ಎಂದು ಬಂದಿತೆಂಬುದು ಬಾಗಿಲ ಹಿಂದೆ ಸೀಸದ ಕಡ್ಡಿಯ ಬರಹದಲ್ಲಿರುವುದು. ಕೈಗಡವಾಗಿ ಕೊಟ್ಟ ಹಣದ ಲೆಕ್ಕವಂತೂ ಬಾಯಿಪಾಠವಾಗಿಯೇ ಇರುವುದು. ಆದರೆ ಕಳೆದ ವರ್ಷದಲ್ಲಿ ಎಷ್ಟು ಪುಸ್ತಕಗಳನ್ನು ಓದಿದಿರಿ, ಯಾವುದನ್ನು ಅರ್ಧಕ್ಕೆ ಬಿಟ್ಟಿರಿ, ಯಾವುದು ಮನಸ್ಸಿನಲ್ಲಿ ನಿಂತಿತು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಬಹುಮಂದಿ ಮೌನವಾಗುವೆವು. ಆದಕಾರಣ ಈ ತಿಂಗಳು ಈ ಪುಟದಲ್ಲಿ ಓದಿನ ಲೆಕ್ಕದ ವಿಷಯವನ್ನೂ, ಅದನ್ನು ಯಂತ್ರದ ಕೈಯಲ್ಲಿ ಬರೆಯಿಸಲು ಹೋಗಿ ನಾವು ಕಲಿತ ಪಾಠವನ್ನೂ ನಿವೇದಿಸಬೇಕೆಂದಿರುವೆವು.

ಓದಿನ ಲೆಕ್ಕವಿಡುವುದು ಹೊಸ ಪದ್ಧತಿಯಲ್ಲ. ಚಾರ್ಲ್ಸ್ ಡಾರ್ವಿನ್ ಮಹಾಶಯನು 1838ರಿಂದ 1860ರ ವರೆಗೆ ಇದಕ್ಕಾಗಿಯೇ ಟಿಪ್ಪಣಿಪುಸ್ತಕಗಳನ್ನು ಇಟ್ಟಿದ್ದನು. ಓದಬೇಕಾದ ಪುಸ್ತಕಗಳ ಪಟ್ಟಿಯೊಂದು, ಓದಿ ಮುಗಿಸಿದ ಪುಸ್ತಕಗಳ ಪಟ್ಟಿ ಮತ್ತೊಂದು, ಹೀಗೆ ಎರಡನ್ನೂ ಬೇರೆ ಬೇರೆಯಾಗಿ ಬರೆಯುತ್ತಿದ್ದನು. ಮಹಾತ್ಮ ಗಾಂಧಿಯವರು 1922ರಿಂದ 1924ರ ವರೆಗೆ ಯರವಡದ ಸೆರೆಯಲ್ಲಿದ್ದಾಗ ತಾವು ಓದಿದ ಪುಸ್ತಕಗಳ ಹೆಸರುಗಳನ್ನು ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದರು. ಓದಬೇಕೆಂದಿರುವುದು ಬೇರೆ, ಓದಿರುವುದು ಬೇರೆ ಎಂಬ ಡಾರ್ವಿನ್ನನ ಭೇದವನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಅದರ ಅವಶ್ಯಕತೆ ಬೀಳುವುದು.

ನಾವೂ ಇಂತಹ ಲೆಕ್ಕವನ್ನು ಅನೇಕ ಸಲ ಆರಂಭಿಸಿ ಅಷ್ಟೇ ಸಲ ಕೈಬಿಟ್ಟವರು. ಗ್ರಂಥದ ಹೆಸರು, ಕರ್ತೃವಿನ ಹೆಸರು, ಪ್ರಕಾಶಕರು, ಮುದ್ರಣದ ವರ್ಷ, ಪುಟಗಳ ಸಂಖ್ಯೆ, ತಂದ ದಿನ, ಹಿಂದಿರುಗಿಸಿದ ದಿನ ಎಂದು ಏಳು ಮನೆಗಳನ್ನು ಗೆರೆಯೆಳೆದು ಬರೆಯಲು ಕುಳಿತರೆ, ಯುಗಾದಿಯ ಉತ್ಸಾಹವು ಶ್ರಾವಣದ ಹೊತ್ತಿಗೆ ಆರಿಹೋಗುತ್ತಿತ್ತು. ಕಳೆದ ವರ್ಷ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲಂತೂ ಸಣ್ಣ ಅಕ್ಷರಗಳನ್ನು ನೋಡಿ ನಕಲು ಮಾಡುವುದೇ ಪ್ರಯಾಸವಾಯಿತು. ಆಗ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ತಮ್ಮನ ಮಗಳು ರಜೆಗೆ ಬಂದಿದ್ದವಳು ನಮ್ಮ ಅವಸ್ಥೆಯನ್ನು ಕಂಡು, “ದೊಡ್ಡಪ್ಪ, ನೀವು ನಕಲು ಮಾಡೋದೆಲ್ಲ ನಿಮ್ಮ ಗ್ರಂಥಾಲಯದ ಜಾಲತಾಣದಲ್ಲಿ ನಿಮ್ಮ ಖಾತೆಯಲ್ಲೇ ಇದೆಯಲ್ಲ! ಇರೋದನ್ನೇ ಮತ್ತೆ ಯಾಕೆ ಬರೀತೀರಿ?” ಎಂದಳು. ಗ್ರಂಥಾಲಯ ವಿಜ್ಞಾನದ ಆಚಾರ್ಯರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುವವರ ಕಾಲವನ್ನು ಉಳಿಸಬೇಕೆಂಬುದು. ಆ ಮಹನೀಯರು 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಆ ನಗರದಲ್ಲಿಯೇ ತೀರಿಕೊಂಡರು. ಅವರ ಸೂತ್ರವೇ ಹುಡುಗಿಯ ಬಾಯಿಂದ ಬಂದಂತೆ ನಮಗೆ ತೋರಿತು, ಒಪ್ಪಿದೆವು.

ಅವಳು ಎರಡು ಸಂಜೆ ಕುಳಿತು ಬರೆದುದು ಸುಮಾರು ನಲವತ್ತು ಸಾಲುಗಳ ಒಂದು ಚಿಕ್ಕ ಸ್ಕ್ರಿಪ್ಟು, ಎಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ. ಅದರ ಭಾಷೆಗೆ ಪೈಥಾನ್ ಎಂದು ಹೆಸರು. ಗೀಡೋ ವಾನ್ ರಾಸಮ್ ಎಂಬ ಡಚ್ ವಿದ್ವಾಂಸನು 1991ರಲ್ಲಿ ಅದನ್ನು ಹೊರತಂದನು. ಹೆಸರನ್ನು ಕೇಳಿ ಹೆಬ್ಬಾವನ್ನು ನೆನೆಯಬೇಕಾಗಿಲ್ಲ. ಅದು ಆಂಗ್ಲರ ಒಂದು ಹಾಸ್ಯಮಂಡಲಿಯ ಹೆಸರಿನಿಂದ ಬಂದುದು. ಜಾಲಪುಟವು ನಮ್ಮ ಕಣ್ಣಿಗೆ ಚೆಂದದ ಪುಟವಾಗಿ ಕಂಡರೂ ಅದರ ಒಳಗೆ ಪ್ರತಿಯೊಂದು ಮಾತಿನ ಹಿಂದೆ ಮುಂದೆ ಗುರುತಿನ ಚೀಟಿಗಳಿರುತ್ತವೆ: ಇದು ಶೀರ್ಷಿಕೆ, ಇದು ಕೋಷ್ಟಕದ ಒಂದು ಮನೆ, ಇದು ದಿನಾಂಕ, ಎಂದು. ಸ್ಕ್ರಿಪ್ಟು ಆ ಪುಟವನ್ನು ತರಿಸಿಕೊಂಡು, ಬೇಕಾದ ಚೀಟಿಯನ್ನು ಹುಡುಕಿ, ಅದರೊಳಗಿನ ಮಾತನ್ನು ಮಾತ್ರ ತೆಗೆದು ನಮ್ಮ ಕೋಷ್ಟಕದಲ್ಲಿ ಒಂದು ಸಾಲಾಗಿ ಬರೆಯುವುದು. ಇದಕ್ಕೆ ವೆಬ್ ಸ್ಕ್ರೇಪಿಂಗ್ ಎನ್ನುವರು. ತುರಿಮಣೆಯ ಮೇಲೆ ತೆಂಗಿನಕಾಯಿ ತುರಿಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುವುದು. ಬಿಳಿಯ ತಿರುಳು ಬರಬೇಕು, ಕರಟದ ಕಪ್ಪು ಸೇರಬಾರದು. ಚೀಟಿಗಳನ್ನು ಬಿಡಿಸಿ ಓದುವುದಕ್ಕೆ ಅವಳು ಉಪಯೋಗಿಸಿದ ಸಲಕರಣೆಯ ಹೆಸರು ಬ್ಯೂಟಿಫುಲ್ ಸೂಪ್. 2004ರಲ್ಲಿ ಲಿಯೊನಾರ್ಡ್ ರಿಚರ್ಡ್‌ಸನ್ ಎಂಬಾತನು ಹೊರತಂದ ಇದಕ್ಕೆ ಲೂಯಿಸ್ ಕ್ಯಾರಲ್‌ನ ಆಲಿಸಳ ಕಥೆಯಲ್ಲಿ ಬರುವ ಒಂದು ಹಾಡಿನಿಂದ ಈ ಹೆಸರು ಬಂದಿತಂತೆ. ಪುಸ್ತಕದ ಲೆಕ್ಕಕ್ಕೆ ಪುಸ್ತಕದಿಂದಲೇ ಹೆಸರು ಪಡೆದ ಸಲಕರಣೆ ದೊರೆತುದು ನಮಗೆ ಶುಭಶಕುನವಾಗಿ ಕಂಡಿತು.

ಆದರೆ ಮೊದಲ ದಿನವೇ ವಿಘ್ನವೊಂದು ಬಂದಿತು. ಯಂತ್ರಕ್ಕೆ ಆಯಾಸವೆಂಬುದಿಲ್ಲ, ಅದು ಒಂದು ನಿಮಿಷದೊಳಗೆ ಗ್ರಂಥಾಲಯದ ಜಾಲತಾಣವನ್ನು ನೂರಾರು ಸಲ ಕೇಳಿತು. ಜಾಲತಾಣವು ಬೇಸತ್ತು ನಮ್ಮ ಮನೆಯ ಕಂಪ್ಯೂಟರಿಗೆ ಒಂದು ದಿನದ ಮಟ್ಟಿಗೆ ಬಾಗಿಲು ಮುಚ್ಚಿತು. ತಪ್ಪು ನಮ್ಮದೇ. ಒಬ್ಬನೇ ಓದುಗನು ಗ್ರಂಥಪಾಲಕರ ಮೇಜಿನ ಮುಂದೆ ನಿಂತು ಅವರಿಗೆ ಉಸಿರಾಡಲು ಬಿಡದೆ ಪ್ರಶ್ನೆ ಕೇಳಿದರೆ ಹಿಂದೆ ನಿಂತಿರುವ ಇತರರ ಗತಿಯೇನು? ಜಾಲತಾಣಗಳವರು ಯಂತ್ರಗಳು ಎಲ್ಲಿಗೆ ಬರಬಹುದು, ಎಲ್ಲಿಗೆ ಬರಕೂಡದು ಎಂಬುದನ್ನು ‘ರೋಬಾಟ್ಸ್’ ಎಂಬ ಕಿರುಕಡತದಲ್ಲಿ ಬರೆದಿಡುವ ರೂಢಿಯು 1994ರಲ್ಲಿ ಮಾರ್ಟಿನ್ ಕೋಸ್ಟರ್ ಎಂಬಾತನ ಸಲಹೆಯಿಂದ ಬಂದಿತು; 2022ರಲ್ಲಿ ಅದು ವಿಧಿವತ್ತಾದ ನಿಯಮಾವಳಿಯೂ ಆಯಿತು. ಬಾಗಿಲಲ್ಲಿ ತೂಗುಹಾಕಿದ ಆ ಹಲಗೆಯನ್ನು ಮೊದಲು ಓದತಕ್ಕುದು, ಗ್ರಂಥಾಲಯದ ಷರತ್ತುಗಳು ಇಂತಹ ಕೆಲಸಕ್ಕೆ ಅವಕಾಶ ಕೊಡುವುವೆ ಎಂದು ನೋಡತಕ್ಕುದು, ಸಂದೇಹವಿದ್ದರೆ ಕೇಳತಕ್ಕುದು. ನಾವು ಗ್ರಂಥಪಾಲಕರನ್ನು ಕಂಡು ಅನುಮತಿ ಬೇಡಿದೆವು. ಅವರು ನಕ್ಕು, ವಾರಕ್ಕೊಮ್ಮೆ ಮಾತ್ರ, ಅದೂ ನಿಧಾನವಾಗಿ, ಎಂದರು. ಈಗ ನಮ್ಮ ಸ್ಕ್ರಿಪ್ಟು ಭಾನುವಾರ ಬೆಳಗಿನ ಜಾವದಲ್ಲಿ, ಒಂದು ಪ್ರಶ್ನೆಗೂ ಮತ್ತೊಂದಕ್ಕೂ ನಡುವೆ ಹತ್ತು ಸೆಕೆಂಡು ಸುಮ್ಮನಿದ್ದು, ಕೆಲಸ ಮಾಡುತ್ತದೆ.

ಮುಂಬಾಗಿಲು ತೆರೆದಿರುವಲ್ಲಿ ಹಿತ್ತಿಲಿನಿಂದ ಹೋಗಬೇಕಾಗಿಲ್ಲವೆಂಬುದನ್ನೂ ಹೇಳಬೇಕು. ಇಂಟರ್ನೆಟ್ ಆರ್ಕೈವ್‌ನವರ ಓಪನ್ ಲೈಬ್ರರಿಯು ಪುಸ್ತಕದ ವಿವರಗಳನ್ನು ಯಂತ್ರಗಳಿಗೆ ಅನುಕೂಲವಾದ ರೂಪದಲ್ಲಿಯೇ ಉಚಿತವಾಗಿ ಕೊಡುವುದು; ಮೇಲಿಂದ ಮೇಲೆ ಕೇಳುವವರು ತಾವು ಯಾರೆಂಬುದನ್ನು ತಿಳಿಸಬೇಕೆಂದು ಮಾತ್ರ ಕೋರುವುದು. ಆದರೆ ತೆರೆದ ಬಾಗಿಲು ಸದಾ ತೆರೆದೇ ಇರುವುದೆಂಬ ಭರವಸೆಯಿಲ್ಲ. ಗುಡ್‌ರೀಡ್ಸ್ ಎಂಬ ಪ್ರಸಿದ್ಧ ತಾಣವು 2020ರ ಡಿಸೆಂಬರಿನಿಂದ ಇಂತಹ ಉಪಯೋಗಕ್ಕೆ ಹೊಸ ಕೀಲಿಕೈಗಳನ್ನು ಕೊಡುವುದನ್ನು ನಿಲ್ಲಿಸಿತು. ಆದಕಾರಣ ಲೆಕ್ಕದ ಒಂದು ಪ್ರತಿಯು ಯಾವಾಗಲೂ ನಮ್ಮ ಮನೆಯಲ್ಲಿಯೇ ಇರತಕ್ಕುದು.

ಪುಸ್ತಕವನ್ನು ಗುರುತಿಸುವುದಕ್ಕೆ ಯಂತ್ರವು ನಂಬುವುದು ಹಿಂದಿನ ರಕ್ಷಾಪುಟದ ಮೇಲೆ ಮುದ್ರಿತವಾಗಿರುವ ಐಎಸ್‌ಬಿಎನ್ ಸಂಖ್ಯೆಯನ್ನು. 2007ರ ಜನವರಿ 1ರಿಂದ ಇದು 13 ಅಂಕಿಗಳದ್ದಾಗಿದೆ. ನಮ್ಮ ದೇಶದಲ್ಲಿ ಇದನ್ನು ರಾಜಾ ರಾಮಮೋಹನ ರಾಯರ ಹೆಸರಿನ ರಾಷ್ಟ್ರೀಯ ಸಂಸ್ಥೆಯು ಕೊಡುವುದು. ಈ ಸಂಖ್ಯೆಯಲ್ಲಿ ಒಂದು ಸೊಗಸಾದ ಯುಕ್ತಿಯಿದೆ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ತಾಯಂದಿರು ಇದನ್ನು ಪರೀಕ್ಷಿಸಬಹುದು. ಅಂಕಿಗಳನ್ನು ಎಡದಿಂದ ಬಲಕ್ಕೆ ಒಂದರಿಂದಲೂ ಮೂರರಿಂದಲೂ ಸರದಿಯಾಗಿ ಗುಣಿಸಿ ಕೂಡಿಸಿದರೆ ಬರುವ ಮೊತ್ತವು ಹತ್ತರಿಂದ ಶೇಷವಿಲ್ಲದೆ ಭಾಗವಾಗಬೇಕು. 9780306406157 ಎಂಬ ಸಂಖ್ಯೆಯಲ್ಲಿ ಮೊದಲ ಹನ್ನೆರಡು ಅಂಕಿಗಳಿಂದ ಬರುವ ಮೊತ್ತ 93. ಕೊನೆಯ 7 ಸೇರಿದರೆ 100. ಬರೆಯುವಾಗ ಒಂದು ಅಂಕಿ ತಪ್ಪಿದರೂ ಮೊತ್ತವು ಕೆಡುವುದು, ತಪ್ಪು ಆಗಲೇ ತಿಳಿದುಹೋಗುವುದು. ಆದರೆ ಈ ಪದ್ಧತಿಯು ಅಂತರರಾಷ್ಟ್ರೀಯ ಕ್ರಮವಾಗಿ ನೆಲೆಗೊಂಡುದು 1970ರಲ್ಲಿ. ಅದಕ್ಕೆ ಹಿಂದಿನ ಕನ್ನಡ ಪುಸ್ತಕಗಳಿಗೆ ಈ ಸಂಖ್ಯೆಯ ಆಸರೆಯಿಲ್ಲ, ಹೆಸರಿನಿಂದಲೇ ಹುಡುಕಬೇಕು.

ಕನ್ನಡದ ಹೆಸರುಗಳ ವಿಷಯದಲ್ಲಿ ಯಂತ್ರಕ್ಕೆ ಬಂದ ಕಷ್ಟವು ಅಷ್ಟಿಷ್ಟಲ್ಲ. ಕುವೆಂಪು ಎಂದರೂ ಕೆ. ವಿ. ಪುಟ್ಟಪ್ಪನವರೆಂದರೂ ನಮಗೆ ಒಬ್ಬರೇ, ಯಂತ್ರಕ್ಕೆ ಇಬ್ಬರು. ಮಾಸ್ತಿಯವರು ‘ಶ್ರೀನಿವಾಸ’ರಾದಾಗ ಅದಕ್ಕೆ ಗುರುತು ಸಿಕ್ಕಲಿಲ್ಲ. ಕಾರಂತರು ಒಂದು ಪಟ್ಟಿಯಲ್ಲಿ ಕೆ. ಶಿವರಾಮ ಕಾರಂತರಾಗಿಯೂ, ಇನ್ನೊಂದರಲ್ಲಿ ಹಿಂದುಮುಂದಾಗಿಯೂ, ಮತ್ತೊಂದರಲ್ಲಿ ರೋಮನ್ ಲಿಪಿಯಲ್ಲಿಯೂ ಇದ್ದು ಮೂವರಾದರು. ಇದಕ್ಕಿಂತ ವಿಚಿತ್ರವಾದ ಸಂಗತಿಯೂ ಒಂದುಂಟು. ಕಂಪ್ಯೂಟರಿನಲ್ಲಿ ‘ಕೀ’ ಎಂಬ ಅಕ್ಷರದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘಗಳೆಂದು ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರವು ಹೋಲಿಸಿ ನೋಡಿದಾಗ ಬೇರೆ ಬೇರೆ. ಯುನಿಕೋಡ್ ನಿಯಮಗಳಲ್ಲಿ ಇವೆರಡನ್ನೂ ಒಂದೇ ರೂಪಕ್ಕೆ ತರುವ ಕ್ರಮವನ್ನು ವಿಧಿಸಿರುವರು, ಪೈಥಾನಿನಲ್ಲಿ ಅದು ಒಂದು ಸಾಲಿನ ಕೆಲಸ. ಆದರೆ ಕುವೆಂಪು ಯಾರು, ಪುಟ್ಟಪ್ಪನವರು ಯಾರು ಎಂಬುದನ್ನು ಮಾತ್ರ ನಾವೇ ಕುಳಿತು ಒಂದು ಪಟ್ಟಿಯಾಗಿ ಹೇಳಿಕೊಡಬೇಕಾಯಿತು.

ಇಷ್ಟೆಲ್ಲ ಆದ ಮೇಲೆ ಒಂದು ವರ್ಷದ ಲೆಕ್ಕವು ಸಿದ್ಧವಾಯಿತು: 61 ಪುಸ್ತಕಗಳು! ನಮಗೆ ಹಿಗ್ಗೋ ಹಿಗ್ಗು. ಆದರೆ ಕೋಷ್ಟಕವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿಸಿಕೊಂಡು ಓದುತ್ತ ಬಂದಂತೆ ಹಿಗ್ಗು ಇಳಿಯಿತು. ಅವಧಿ ಮುಗಿದು ಮತ್ತೆ ನಮ್ಮ ಹೆಸರಿಗೇ ಬರೆಸಿಕೊಂಡ ಕಾರಣ ಎರಡು ಸಲ ಎಣಿಕೆಯಾದುವು 9. ನೆರೆಮನೆಯವರಿಗಾಗಿಯೂ ಮನೆಯ ಮಕ್ಕಳ ಪರೀಕ್ಷೆಗಾಗಿಯೂ ತಂದುವು 7. ತಂದು, ಮೇಜಿನ ಮೇಲಿಟ್ಟು, ಧೂಳು ಕೊಡವಿ ಹಿಂದಿರುಗಿಸಿದುವು 11. ಉಳಿದುವು 34 ಮಾತ್ರ. ಗ್ರಂಥಾಲಯಕ್ಕೆ ಗೊತ್ತಿರುವುದು ನಾವು ತಂದುದೇ ಹೊರತು ಓದಿದುದಲ್ಲ. ಡಾರ್ವಿನ್ನನು ಎರಡು ಪಟ್ಟಿಗಳನ್ನೇಕೆ ಇಟ್ಟಿದ್ದನೆಂಬುದು ನಮಗೆ ಆ ದಿನ ಅರ್ಥವಾಯಿತು. ಎರಡು ಸಲ ಬಂದ ಹೆಸರುಗಳನ್ನು ತೆಗೆದುಹಾಕುವಂತೆ ಸ್ಕ್ರಿಪ್ಟಿಗೆ ಒಂದು ನಿಯಮವನ್ನು ಸೇರಿಸೆಂದು ಹುಡುಗಿಗೆ ಹೇಳಿದೆವು, ಅವಳು ಸೇರಿಸಿದಳು. ಈ ನಿಯಮದಿಂದಲೇ ಮುಂದೆ ಒಂದು ನಷ್ಟವಾಗುವುದರಲ್ಲಿತ್ತು.

ನಮ್ಮ ಮಾತೃಶ್ರೀಯವರು ನಾಲ್ಕನೆಯ ತರಗತಿಯ ವರೆಗೆ ಮಾತ್ರ ಶಾಲೆಗೆ ಹೋದವರು. ಆದರೆ ಬೀದಿಯ ಕೊನೆಯಲ್ಲಿದ್ದ ಬಾಡಿಗೆಯ ಪುಸ್ತಕದಂಗಡಿಯಿಂದ ಕಾದಂಬರಿಗಳನ್ನು ತರಿಸಿ ಓದುವರು. ಓದಿದುದನ್ನು ದಿನಸಿಯ ಲೆಕ್ಕದ ಪುಸ್ತಕದ ಹಿಂಭಾಗದಲ್ಲಿ ಬರೆದಿಡುವರು. 1962ರಿಂದ 1989ರ ವರೆಗೆ ಹೀಗೆ 214 ಸಾಲುಗಳಿವೆ. ಪುಸ್ತಕದ ಹೆಸರು, ತಿಂಗಳು, ಒಂದೆರಡು ಮಾತು, ಇಷ್ಟೆ. ಈ ಸಾಲುಗಳನ್ನೂ ನಮ್ಮ ಕೋಷ್ಟಕಕ್ಕೆ ಸೇರಿಸಿದರೆ ಒಂದು ಮನೆಯ ಎರಡು ತಲೆಮಾರಿನ ಓದು ಒಂದೆಡೆ ನಿಲ್ಲುವುದೆಂದು ಆಸೆಪಟ್ಟೆವು. ಹುಡುಗಿ ಒಂದು ವಾರ ಕುಳಿತು, ಅಜ್ಜಿಯ ಅಕ್ಷರವನ್ನು ಬಿಡಿಸಿ, ಎಲ್ಲವನ್ನೂ ಬೆರಳಚ್ಚು ಮಾಡಿದಳು. ಸ್ಕ್ರಿಪ್ಟು 72 ಪುಸ್ತಕಗಳಿಗೆ ಕರ್ತೃವನ್ನೂ ಪ್ರಕಾಶಕರನ್ನೂ ಹುಡುಕಿ ತಂದುಕೊಟ್ಟಿತು. ಅದನ್ನು ನಾವು ಕೈಯಿಂದ ಮಾಡಿದ್ದರೆ ತಿಂಗಳುಗಳೇ ಹಿಡಿಯುತ್ತಿದ್ದುವು. ಯಂತ್ರದ ಉಪಕಾರವನ್ನು ಮರೆಯತಕ್ಕುದಲ್ಲ.

ಆದರೆ ಕೊನೆಯಲ್ಲಿ ಎಣಿಸಿ ನೋಡಿದಾಗ ಸಾಲುಗಳು 214 ಇರಲಿಲ್ಲ, 200 ಇದ್ದುವು. ಹದಿನಾಲ್ಕು ಎಲ್ಲಿ ಹೋದುವೆಂದು ಹುಡುಕಿದರೆ, ನಾವೇ ಹಾಕಿಸಿದ ನಿಯಮವು ಅವನ್ನು ನುಂಗಿತ್ತು. ಅಜ್ಜಿಯು ಎರಡು ಸಲ ಬರೆದ ಹೆಸರುಗಳಲ್ಲಿ ಮೊದಲಿನದನ್ನು ಯಂತ್ರವು ಅನಾವಶ್ಯಕವೆಂದು ಬಿಸುಟಿತ್ತು. ಒಂದು ಭಾನುವಾರ ನಮ್ಮ ತಮ್ಮನೂ ಬಂದಿದ್ದಾಗ, ಹುಡುಗಿಯು ಹಳೆಯ ಪುಸ್ತಕವನ್ನು ತೆರೆದು ಕಳೆದುಹೋದ ಸಾಲುಗಳನ್ನು ಒಂದೊಂದಾಗಿ ಓದತೊಡಗಿದಳು. ಕಾರಂತರ ‘ಮರಳಿ ಮಣ್ಣಿಗೆ’ಯ ಎದುರಿಗೆ 1971ರ ಜುಲೈ ತಿಂಗಳಲ್ಲಿ ಹೀಗೆ ಬರೆದಿದ್ದಿತು: “ಅರ್ಧಕ್ಕೆ ನಿಂತಿತು. ಮಗುವಿಗೆ ಜ್ವರ.” ಅದೇ ವರ್ಷದ ನವೆಂಬರಿನಲ್ಲಿ ಮತ್ತೆ ಅದೇ ಹೆಸರು: “ಮೊದಲಿನಿಂದ ಓದಿದೆ. ಮುಗಿಯಿತು. ಮಗು ಈಗ ನಡೆಯುತ್ತಾನೆ.”

ಆ ಮಗು ನಮ್ಮ ತಮ್ಮನೇ. ಆಗ ಅವನಿಗೆ ಎರಡು ವರ್ಷ, ನಮಗೆ ಎಂಟು. ಅವನು ಹಾಸಿಗೆ ಹಿಡಿದು, ಎದ್ದ ಮೇಲೆ ಕಾಲಿನಲ್ಲಿ ಬಲವಿಲ್ಲದೆ ಬಹುದಿನ ಎತ್ತಿಕೊಂಡೇ ಇರಬೇಕಾದುದು ನಮಗೆ ಮಸಕಾಗಿ ನೆನಪಿದೆ. ಅವನಿಗೆ ಏನೂ ನೆನಪಿಲ್ಲ. ತಾಯಿಯವರು ಆ ನಾಲ್ಕು ತಿಂಗಳ ವಿಷಯವನ್ನು ನಮ್ಮೊಡನೆ ಎಂದೂ ಆಡಿದವರಲ್ಲ. ಅವನು ಕನ್ನಡಕವನ್ನು ತೆಗೆದು ಒರೆಸಿಕೊಂಡು, “ಅಮ್ಮ ಇದನ್ನ ಬರೆದಿಟ್ಟಿದ್ದಳೇ?” ಎಂದು ಕೇಳಿ, ಆ ಎರಡು ಸಾಲುಗಳನ್ನು ತಾನೇ ಮತ್ತೊಮ್ಮೆ ಓದಿದನು. ಹುಡುಗಿಯು ಮರುಮಾತಿಲ್ಲದೆ ಸ್ಕ್ರಿಪ್ಟಿನಿಂದ ಆ ನಿಯಮವನ್ನು ಅಳಿಸಿದಳು.

ಈಗ ನಮ್ಮ ಕೋಷ್ಟಕದಲ್ಲಿ ಒಂಬತ್ತು ಮನೆಗಳಿವೆ. ಏಳನ್ನು ಯಂತ್ರವು ತುಂಬುವುದು. ಎಂಟನೆಯದು ‘ಮುಗಿಯಿತೆ?’ ಎಂಬುದು, ಒಂಬತ್ತನೆಯದು ‘ಮಾತು’. ಇವೆರಡನ್ನು ಯಂತ್ರವು ಮುಟ್ಟಕೂಡದು. ಭಾನುವಾರದ ಕಾಫಿಯಾದ ಮೇಲೆ ನಾವೇ ಕುಳಿತು ತುಂಬುವೆವು. ಅದಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ಹಿಂದೆ ಏಳು ಮನೆಗಳನ್ನು ತುಂಬುವುದರಲ್ಲಿಯೇ ದಣಿದು, ಬರೆಯಬೇಕಾಗಿದ್ದ ಮಾತನ್ನು ಬರೆಯದೆ ಬಿಡುತ್ತಿದ್ದೆವು. ಈಗ ಆ ದಣಿವಿಲ್ಲ. ನಕಲು ಮಾಡುವ ಕೆಲಸವು ಯಂತ್ರದ್ದು, ಸಾಕ್ಷಿ ಹೇಳುವ ಕೆಲಸವು ನಮ್ಮದು ಎಂದು ಹಂಚಿಕೊಂಡಿರುವೆವು.

ಇಂತಹ ಪ್ರಯತ್ನಕ್ಕೆ ಕೈಹಾಕುವ ವಾಚಕರಿಗೆ ನಮ್ಮ ಅನುಭವದಿಂದ ಕೆಲವು ಸೂಚನೆಗಳು. ಮೊದಲನೆಯದಾಗಿ, ಗ್ರಂಥಾಲಯದ ಖಾತೆಯ ಗುಪ್ತಪದವನ್ನು ಸ್ಕ್ರಿಪ್ಟಿನೊಳಗೆ ಬರೆದಿಡಬೇಡಿರಿ. ಕಡತವು ಇನ್ನೊಬ್ಬರ ಕೈಗೆ ಹೋದರೆ ಬೀಗದ ಕೈಯೂ ಹೋದಂತೆ. ಎರಡನೆಯದಾಗಿ, ನಿಮ್ಮ ಓದು ನಿಮ್ಮದು, ಪರರ ಓದು ಪರರದು. ಇನ್ನೊಬ್ಬರ ಪಟ್ಟಿಯನ್ನು ಅವರ ಒಪ್ಪಿಗೆಯಿಲ್ಲದೆ ಎಂದಿಗೂ ತುರಿಯಬೇಡಿರಿ. ಮೂರನೆಯದಾಗಿ, ಜಾಲತಾಣದವರು ಪುಟದ ವಿನ್ಯಾಸವನ್ನು ಬದಲಾಯಿಸಿದ ದಿನ ಸ್ಕ್ರಿಪ್ಟು ಕುರುಡಾಗುವುದು. ನಮ್ಮದು ಹೀಗೆ ಮೂರು ವಾರ ಖಾಲಿ ಸಾಲುಗಳನ್ನೇ ಬರೆಯುತ್ತಿದ್ದಿತು, ನಮಗೆ ತಿಳಿಯಲೇ ಇಲ್ಲ. ಏನೂ ಸಿಕ್ಕದಿದ್ದರೆ ಸುಮ್ಮನಿರದೆ ಕೂಗಿ ಹೇಳುವಂತೆ ಅದಕ್ಕೆ ಮೊದಲೇ ಕಲಿಸಿರಿ. ನಾಲ್ಕನೆಯದಾಗಿ, ಕೋಷ್ಟಕವನ್ನು ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿಯೇ ಉಳಿಸಿರಿ. ಇಲ್ಲವಾದರೆ ಕನ್ನಡವು ತೆರೆದಾಗ ಅರ್ಥವಿಲ್ಲದ ಗೀಟುಗಳಾಗಿ ಕಾಣುವ ಸಂಭವವುಂಟು. ಐದನೆಯದಾಗಿ, ಯಂತ್ರವು ಏನನ್ನು ಸೇರಿಸಿತೆಂಬುದಕ್ಕಿಂತ ಏನನ್ನು ಬಿಟ್ಟಿತೆಂಬುದನ್ನು ನೋಡಿರಿ. ಬಿಟ್ಟ ಸಾಲುಗಳನ್ನು ಅಳಿಸದೆ ಬೇರೊಂದು ಕಡತದಲ್ಲಿಡುವಂತೆ ಮಾಡಿದರೆ ನಮಗಾದಂತಹ ಗಾಬರಿಯು ನಿಮಗಾಗದು. ಕಡೆಯದಾಗಿ, ವರ್ಷಕ್ಕೊಮ್ಮೆ ಕೋಷ್ಟಕವನ್ನು ಕಾಗದದ ಮೇಲೆ ಅಚ್ಚು ಮಾಡಿಸಿ ಹೊಲಿದಿಡಿರಿ.

ಕಂಪ್ಯೂಟರಿನ ಗೊಡವೆಯೇ ಬೇಡವೆನ್ನುವವರು ಸಂಕೋಚಪಡಬೇಕಾದುದಿಲ್ಲ. ದಿನಸಿಯ ಲೆಕ್ಕದ ಹಿಂಭಾಗದಲ್ಲಿ ಒಂದು ಹೆಸರು, ಒಂದು ತಿಂಗಳು, ಒಂದು ಮಾತು ಬರೆದರೆ ಸಾಕು. ನಿಮ್ಮ ಮನೆಯ ಅಟ್ಟದಲ್ಲಿಯಾಗಲಿ ದೇವರ ಕೋಣೆಯ ಪೆಟ್ಟಿಗೆಯಲ್ಲಿಯಾಗಲಿ ಇಂತಹ ಹಳೆಯ ಲೆಕ್ಕದ ಪುಸ್ತಕಗಳಿದ್ದರೆ, ರದ್ದಿಗೆ ಹಾಕುವ ಮುನ್ನ ಒಮ್ಮೆ ಹಿಂದಿನಿಂದ ತಿರುವಿ ನೋಡಬೇಕೆಂದು ಬೇಡುವೆವು.

ಮುಂದಿನ ಸಂಚಿಕೆಯಲ್ಲಿ ಹಳೆಯ ಪುಸ್ತಕಗಳನ್ನು ಮಳೆಗಾಲದ ತೇವದಿಂದಲೂ ಹುಳುವಿನಿಂದಲೂ ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ಬರೆಯುವೆವು.